ಏಷ್ಯಾ ಎಂಬ ಕ್ಷುದ್ರಗ್ರಹವೂ ನಾರ್ಮನ್ ಪೊಗ್ಸನ್ನರ ಬಾಳೂ

ಜಳಕೋಟ: ಮಂಗಳ ಮತ್ತು ಗುರು ಗ್ರಹಗಳ ನಡುವಣ ವಿಶಾಲ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಶಿಲಾಕಾಯಗಳಲ್ಲಿ ಒಂದಕ್ಕೆ ನಮ್ಮ ಖಂಡದ ಹೆಸರಿದೆ. ಅದರ ಕ್ರಮಸಂಖ್ಯೆ 67, ಹೆಸರು ಏಷ್ಯಾ. 1861ರ ಏಪ್ರಿಲ್ 17ರಂದು ಮದ್ರಾಸಿನ ನುಂಗಂಬಾಕ್ಕಂ ವೇಧಶಾಲೆಯಿಂದ ಅದನ್ನು ಮೊದಲು ಗುರುತಿಸಿದವರು ನಾರ್ಮನ್ ರಾಬರ್ಟ್ ಪೊಗ್ಸನ್. ಏಷ್ಯಾ ಖಂಡದ ನೆಲದಲ್ಲಿ ನಿಂತು ಕಂಡುಹಿಡಿದ ಮೊದಲ ಕ್ಷುದ್ರಗ್ರಹ ಅದೇ. ಆ ಕಾರಣದಿಂದಲೇ ಅದಕ್ಕೆ ಆ ಹೆಸರು ಬಂದಿತು.

ಮದ್ರಾಸಿನ ಆಂಗ್ಲ ಜ್ಯೋತಿರ್ವಿದನೊಬ್ಬನ ಬಾಳನ್ನು ಗಡಿನಾಡಿನ ಕನ್ನಡಿಗರಾದ ನಾವು ಏಕೆ ನೆನೆಯಬೇಕು ಎಂಬ ಪ್ರಶ್ನೆ ಸಹಜ. ಉಮರಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಹಿರಿಯರು ಆ ಕಾಲದಲ್ಲಿ ನಿಜಾಮರ ಪ್ರಜೆಗಳು. ಮದ್ರಾಸು ಅವರಿಗೆ ದೂರದ ಊರು. ಆದರೂ ಆ ವೇಧಶಾಲೆಯ ನೆರಳು ಈ ನೆಲದ ಮೇಲೆ ಬಿದ್ದಿತ್ತು. ದಕ್ಷಿಣದಿಂದ ಉತ್ತರಕ್ಕೆ ದೇಶವನ್ನು ಅಳೆದ ಲ್ಯಾಂಬ್ಟನ್ನರ ಮಹಾ ಮೋಜಣಿಯು ನಮ್ಮ ನೆರೆಯ ಬೀದರಿನ ಬಳಿ 1815ರಲ್ಲಿ ಆಧಾರರೇಖೆಯನ್ನು ಎಳೆದಾಗ, ಅದರ ರೇಖಾಂಶಗಳ ಎಣಿಕೆ ಮದ್ರಾಸು ವೇಧಶಾಲೆಯಿಂದಲೇ ಆರಂಭವಾಗುತ್ತಿತ್ತು. ಮುಂದೆ 1870ರ ದಶಕದಿಂದ ರೈಲುಗಳು ಓಡುತ್ತಿದ್ದುದೂ ಮದ್ರಾಸು ಸಮಯದಂತೆಯೇ. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಗೆ ಬರುವವರೆಗೂ, ರೈಲು ಹಿಡಿಯಲು ಹೊರಟ ಹಳ್ಳಿಗನು ತನಗೆ ತಿಳಿಯದಂತೆಯೇ ನುಂಗಂಬಾಕ್ಕಂನ ಗಡಿಯಾರವನ್ನು ನಂಬಿ ನಡೆಯುತ್ತಿದ್ದನು. ಇನ್ನೂ ಒಂದು ನಂಟಿದೆ. ಅದು ಕನ್ನಡ ನುಡಿಗೆ ಸಂಬಂಧಿಸಿದ್ದು. ಅದನ್ನು ಮುಂದೆ ಹೇಳುತ್ತೇವೆ.

ನಾಟಿಂಗ್‌ಹ್ಯಾಮ್‌ನಿಂದ ಮದ್ರಾಸಿಗೆ

ಪೊಗ್ಸನ್ನರು ಹುಟ್ಟಿದ್ದು 1829ರ ಮಾರ್ಚ್ 23ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ. ತಂದೆ ಕಸೂತಿ ಅಂಚಿನ ಬಟ್ಟೆ ತಯಾರಿಸುವ ಉದ್ಯಮಿ. ಮಗನ ಮನಸ್ಸು ಆ ವ್ಯಾಪಾರದ ಕಡೆ ಹೊರಳಲಿಲ್ಲ. ಹದಿನೆಂಟು ತುಂಬುವಷ್ಟರಲ್ಲಿ ಎರಡು ಧೂಮಕೇತುಗಳ ಕಕ್ಷೆಗಳನ್ನು ಆತ ಗಣಿಸಿದ್ದನು. ಈ ಕೌಶಲವೇ ಆತನನ್ನು ಲಂಡನ್ನಿನಲ್ಲಿ ಜಾರ್ಜ್ ಬಿಷಪ್ ಎಂಬ ಧನಿಕರ ಖಾಸಗಿ ವೇಧಶಾಲೆಗೆ ಕರೆತಂದಿತು. ಅಲ್ಲಿ ಜಾನ್ ರಸೆಲ್ ಹಿಂಡ್ ಎಂಬ ನುರಿತ ವೀಕ್ಷಕರು ಹೊಸ ಹೊಸ ಕ್ಷುದ್ರಗ್ರಹಗಳನ್ನು ಪತ್ತೆಹಚ್ಚುತ್ತಿದ್ದರು. ತರುಣ ಪೊಗ್ಸನ್ನರು ಆ ವಿದ್ಯೆಯನ್ನು ಅವರ ಬಳಿಯಲ್ಲಿಯೇ ಕಲಿತರು.

ಅನಂತರ ಆಕ್ಸ್‌ಫರ್ಡಿನ ರ್‍ಯಾಡ್‌ಕ್ಲಿಫ್ ವೇಧಶಾಲೆಯಲ್ಲಿ ಸಹಾಯಕರಾದರು. 1856ರ ಮೇ 23ರಂದು ಅವರು ತಮ್ಮ ಮೊದಲ ಕ್ಷುದ್ರಗ್ರಹವನ್ನು ಕಂಡರು. ಅದು 42ನೆಯ ಐಸಿಸ್. ಐಸಿಸ್ ಎಂಬುದು ಅವರ ಹಿರಿಯ ಮಗಳ ಹೆಸರಿನ ಭಾಗವೂ ಹೌದು. ಮರುವರ್ಷ ಅರಿಯಾಡ್ನೆ ಮತ್ತು ಹೆಸ್ಟಿಯಾ ದೊರೆತವು. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಐಸಿಸ್‌ನ ಶೋಧಕ್ಕಾಗಿ ಲಲಾಂದ್ ಪದಕವನ್ನಿತ್ತಿತು. ಬಳಿಕ ಹಾರ್ಟ್‌ವೆಲ್‌ನಲ್ಲಿ ಜಾನ್ ಲೀ ಅವರ ವೇಧಶಾಲೆಯನ್ನು ಕೆಲಕಾಲ ನೋಡಿಕೊಂಡು, 1861ರ ಆರಂಭದಲ್ಲಿ ಮದ್ರಾಸು ಸರಕಾರದ ಜ್ಯೋತಿರ್ವಿದರಾಗಿ ಬಂದಿಳಿದರು. ವಯಸ್ಸು ಆಗ ಮೂವತ್ತೆರಡಕ್ಕೆ ಹತ್ತಿರ. ಸಾಯುವವರೆಗೂ ಮದ್ರಾಸೇ ಅವರ ಕಾರ್ಯಕ್ಷೇತ್ರವಾಯಿತು.

ಬೆಳಕನ್ನು ಅಳೆದ ಅಂಕಿ

ಪೊಗ್ಸನ್ನರ ಹೆಸರು ಇಂದಿಗೂ ಖಗೋಳಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಉಳಿದಿರುವುದು ಒಂದು ಅಂಕಿಯಿಂದ. ಪ್ರಾಚೀನ ಗ್ರೀಕರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಕಾಂತಿಗೆ ಅನುಗುಣವಾಗಿ ಆರು ವರ್ಗ ಮಾಡಿದ್ದರು. ಅತ್ಯಂತ ಉಜ್ವಲವಾದವು ಮೊದಲ ವರ್ಗ, ಕಣ್ಣಿಗೆ ಕಂಡೂ ಕಾಣದಂತಿರುವವು ಆರನೆಯ ವರ್ಗ. ದೂರದರ್ಶಕ ಬಂದ ಮೇಲೆ ಏಳು, ಎಂಟು, ಹತ್ತು ಎಂದು ವರ್ಗಗಳು ಬೆಳೆದವು. ಆದರೆ ಒಂದು ವರ್ಗಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಎಂಬುದು ವೀಕ್ಷಕರಿಂದ ವೀಕ್ಷಕರಿಗೆ ಬದಲಾಗುತ್ತಿತ್ತು. ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಹೊಂದದ ಹಾಗೆ.

ಮೊದಲ ವರ್ಗದ ನಕ್ಷತ್ರವು ಆರನೆಯದಕ್ಕಿಂತ ಸುಮಾರು ನೂರು ಪಟ್ಟು ಕಾಂತಿಯುತ ಎಂಬುದು ಆ ಹೊತ್ತಿಗೆ ತಿಳಿದಿತ್ತು. ಹಾಗಾದರೆ ಐದು ಮೆಟ್ಟಿಲುಗಳಲ್ಲಿ ನೂರು ಪಟ್ಟು ಆಗಬೇಕು. ಒಂದೊಂದು ಮೆಟ್ಟಿಲಿಗೆ ನೂರರ ಐದನೆಯ ಮೂಲ, ಅಂದರೆ 2.512 ಪಟ್ಟು. 1856ರಲ್ಲಿ ಪೊಗ್ಸನ್ನರು ಈ ಅಂಕಿಯನ್ನು ಮುಂದಿಟ್ಟರು. ಜಗತ್ತು ಇಂದಿಗೂ ಅದನ್ನೇ ಬಳಸುತ್ತಿದೆ. ಇದು ಅವರಿಗೆ ಹೊಳೆದ ಸಂದರ್ಭ ಗಮನಾರ್ಹ. ಆಗ ತಿಳಿದಿದ್ದ ಕ್ಷುದ್ರಗ್ರಹಗಳಲ್ಲಿ 36 ಮರುವರ್ಷದ ತಿಂಗಳು ತಿಂಗಳಿಗೆ ಎಷ್ಟು ಕಾಂತಿಯಿಂದ ಕಾಣುವುವು ಎಂಬ ಪಟ್ಟಿಯನ್ನು ಅವರು ಸಿದ್ಧಪಡಿಸುತ್ತಿದ್ದರು. ಕ್ಷುದ್ರಗ್ರಹವು ಭೂಮಿಗೂ ಸೂರ್ಯನಿಗೂ ಹತ್ತಿರ ಬಂದಾಗ ಬೆಳಗುತ್ತದೆ, ದೂರ ಸರಿದಾಗ ಮಂಕಾಗುತ್ತದೆ. ಎಷ್ಟು ಮಂಕಾಗಿರುವುದೆಂದು ಮೊದಲೇ ತಿಳಿಯದಿದ್ದರೆ ಅದನ್ನು ಮತ್ತೆ ಹುಡುಕುವುದು ಕಷ್ಟ. ಕಂಡದ್ದು ಕಳೆದುಹೋಗಬಾರದು ಎಂಬ ಕಾಳಜಿಯಿಂದ ಹುಟ್ಟಿದ ಅಳತೆ ಅದು.

ಏಷ್ಯಾ ದೊರೆತ ಬಗೆ

ಛಾಯಾಚಿತ್ರ ಇನ್ನೂ ಆಕಾಶಕ್ಕೆ ಏರದಿದ್ದ ಕಾಲ. ಕ್ಷುದ್ರಗ್ರಹವು ದೂರದರ್ಶಕದಲ್ಲಿ ಸಾಮಾನ್ಯ ನಕ್ಷತ್ರದಂತೆಯೇ ಒಂದು ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಬೇರ್ಪಡಿಸುವ ಲಕ್ಷಣ ಒಂದೇ, ಚಲನೆ. ವೀಕ್ಷಕನು ಆಕಾಶದ ಒಂದು ಸಣ್ಣ ತುಂಡನ್ನು ಆರಿಸಿಕೊಂಡು, ಅಲ್ಲಿನ ಮಂಕು ನಕ್ಷತ್ರಗಳನ್ನೆಲ್ಲ ನಕಾಶೆಯಲ್ಲಿ ಗುರುತಿಸಿ, ರಾತ್ರಿಯಿಂದ ರಾತ್ರಿಗೆ ತಾಳೆ ನೋಡಬೇಕು. ನಕಾಶೆಯಲ್ಲಿ ಇಲ್ಲದ ಚುಕ್ಕೆಯೊಂದು ಕಂಡರೆ ಅದು ನಕಾಶೆಯ ದೋಷವೋ, ಬೆಳಕು ಏರಿಳಿಯುವ ನಕ್ಷತ್ರವೋ, ನಿಜವಾಗಿಯೂ ಚಲಿಸುವ ಕಾಯವೋ ಎಂದು ಕಾಯಬೇಕು. ಜಾತ್ರೆಯ ಸಾವಿರ ಜನರಲ್ಲಿ ನಿನ್ನೆ ಇಲ್ಲದ ಒಂದು ಮುಖವನ್ನು ಗುರುತಿಸಿದಂತಹ ಕೆಲಸವದು.

ಮದ್ರಾಸಿಗೆ ಬಂದ ಕೆಲವೇ ವಾರಗಳಲ್ಲಿ ಪೊಗ್ಸನ್ನರು ಅಂತಹ ಚುಕ್ಕೆಯೊಂದನ್ನು ಹಿಡಿದರು. ಅದುವರೆಗಿನ ಎಲ್ಲ ಕ್ಷುದ್ರಗ್ರಹಗಳೂ ಯುರೋಪ್ ಇಲ್ಲವೇ ಅಮೆರಿಕದ ವೇಧಶಾಲೆಗಳಿಂದ ದೊರೆತಿದ್ದವು. ಪೌರಾಣಿಕ ದೇವತೆಯರ ಹೆಸರಿಡುವ ಪದ್ಧತಿ ಆಗ ಬಲವಾಗಿತ್ತು. ಗ್ರೀಕ್ ಪುರಾಣದಲ್ಲಿ ಏಷ್ಯಾ ಎಂಬ ದೇವಕನ್ಯೆಯೂ ಇರುವುದರಿಂದ ಪದ್ಧತಿಯೂ ಉಳಿಯಿತು, ಖಂಡದ ಹೆಸರೂ ಆಕಾಶಕ್ಕೇರಿತು.

ಏಷ್ಯಾದ ಕಕ್ಷೆಯನ್ನು ಓದುಗರು ಹೀಗೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್; ಇದನ್ನು ಒಂದು ಖಗೋಳಮಾನ ಎನ್ನುತ್ತಾರೆ. ಏಷ್ಯಾ ಸೂರ್ಯನಿಂದ ಸರಾಸರಿ 2.42 ಖಗೋಳಮಾನ ದೂರದಲ್ಲಿದೆ, ಅಂದರೆ ಸುಮಾರು 36 ಕೋಟಿ ಕಿಲೋಮೀಟರ್. ಕಕ್ಷೆ ಪೂರ್ಣ ವೃತ್ತವಲ್ಲ, ತುಸು ಉದ್ದನೆಯ ದೀರ್ಘವೃತ್ತ. ಅದರ ಉತ್ಕೇಂದ್ರತೆ ಸುಮಾರು 0.185. ಈ ಕಾರಣದಿಂದ ಅದು ಸೂರ್ಯನಿಗೆ ಅತಿ ಸಮೀಪ ಬಂದಾಗ ದೂರ 1.97 ಖಗೋಳಮಾನಕ್ಕೆ ಇಳಿಯುತ್ತದೆ, ಅತಿ ದೂರ ಹೋದಾಗ 2.87ಕ್ಕೆ ಏರುತ್ತದೆ. ಭೂಮಿಯ ಕಕ್ಷೆಯ ಸಮತಲಕ್ಕೆ ಅದರ ಕಕ್ಷೆ ಸುಮಾರು 6 ಡಿಗ್ರಿ ಓರೆಯಾಗಿದೆ.

ಕೆಪ್ಲರನ ನಿಯಮ ಬಲ್ಲ ವಿದ್ಯಾರ್ಥಿ ಅದರ ವರ್ಷವನ್ನು ತಾನೇ ಕಂಡುಕೊಳ್ಳಬಹುದು. 2.42ನ್ನು ಮೂರು ಬಾರಿ ಗುಣಿಸಿದರೆ ಸುಮಾರು 14.2, ಅದರ ವರ್ಗಮೂಲ 3.77. ಏಷ್ಯಾ ಸೂರ್ಯನನ್ನು ಒಂದು ಸುತ್ತು ಬರಲು ಹಿಡಿಯುವ ಕಾಲ ಅಷ್ಟೇ, ಮೂರೂಮುಕ್ಕಾಲು ವರ್ಷ. ಭೂಮಿ ವೇಗವಾಗಿ ಓಡುವುದರಿಂದ ಸುಮಾರು ಹದಿನಾರು ತಿಂಗಳಿಗೊಮ್ಮೆ ನಾವು ಅದನ್ನು ಹಿಂದಿಕ್ಕುತ್ತೇವೆ. ಆಗ ಅದು ನಡುರಾತ್ರಿಯಲ್ಲಿ ನೆತ್ತಿಯ ಕಡೆಗೆ ಬಂದು ಹೆಚ್ಚು ಬೆಳಗುತ್ತದೆ. ಆದರೂ ಬರಿಗಣ್ಣಿಗೆ ಕಾಣದು, ದೂರದರ್ಶಕ ಬೇಕೇ ಬೇಕು. ಅದರ ವ್ಯಾಸ ಸುಮಾರು 60 ಕಿಲೋಮೀಟರ್. ತನ್ನ ಸುತ್ತ ತಾನು ತಿರುಗಲು ಹದಿನಾರು ಗಂಟೆ ತೆಗೆದುಕೊಳ್ಳುವ ಕಲ್ಲಿನ ಗುಂಡು. ಪೊಗ್ಸನ್ನರ ಕಣ್ಣಿಗೆ ಬಿದ್ದ ರಾತ್ರಿಯಿಂದ ಈವರೆಗೆ ಅದು ಸೂರ್ಯನನ್ನು 43 ಬಾರಿ ಸುತ್ತಿ ಬಂದಿದೆ.

ಮದ್ರಾಸಿನಿಂದ ಅವರು ಇನ್ನೂ ನಾಲ್ಕು ಕ್ಷುದ್ರಗ್ರಹಗಳನ್ನು ಕಂಡರು. 1864ರಲ್ಲಿ ಸಾಫೊ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕಮಿಲ್ಲಾ, ಹದಿನಾರು ವರ್ಷಗಳಿಗೂ ಮಿಕ್ಕ ಅಂತರದ ನಂತರ 1885ರಲ್ಲಿ ವೆರಾ. ಇವುಗಳಲ್ಲಿ ಸಿಲ್ವಿಯಾ ವಿಶೇಷವಾದುದು. ಸೂರ್ಯನಿಂದ ಸುಮಾರು ಮೂರೂವರೆ ಖಗೋಳಮಾನ ದೂರದಲ್ಲಿ, ಪಟ್ಟಿಯ ಹೊರ ಅಂಚಿನಲ್ಲಿ, ಆರೂವರೆ ವರ್ಷಕ್ಕೊಂದು ಸುತ್ತು ಹಾಕುವ ಈ ದೊಡ್ಡ ಕಾಯಕ್ಕೆ ರೋಮ್ಯುಲಸ್, ರೀಮಸ್ ಎಂಬ ಎರಡು ಚಂದ್ರಗಳಿರುವುದು ನಮ್ಮ ಶತಮಾನದಲ್ಲಿ ತಿಳಿದುಬಂದಿತು. ಎರಡು ಚಂದ್ರಗಳುಳ್ಳ ಕ್ಷುದ್ರಗ್ರಹವೆಂದು ಮೊದಲು ಗುರುತಾದದ್ದು ಅದೇ.

ಎರಡು ಬೆಳಗಿನ ಧೂಮಕೇತು

ಆಕಾಶದಲ್ಲಿ ಒಂದು ಕಾಯವನ್ನು ಕಂಡ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅದರ ಕಕ್ಷೆ ತಿಳಿಯಬೇಕಾದರೆ, ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಬಾರಿಯಾದರೂ ಅದರ ಸ್ಥಾನವನ್ನು ನಿಖರವಾಗಿ ಅಳೆದಿರಬೇಕು. 1801ರ ಜನವರಿ 1ರಂದು ಪಿಯಾಜ್ಜಿ ಕಂಡ ಮೊದಲ ಕ್ಷುದ್ರಗ್ರಹ ಸಿರಿಸ್ ಸೂರ್ಯನ ಬೆಳಕಿನಲ್ಲಿ ಮರೆಯಾಗಿ ಕಳೆದುಹೋಗುವುದರಲ್ಲಿತ್ತು. ಗಣಿತಜ್ಞ ಗೌಸ್ ಇದ್ದ ಕೆಲವೇ ವಾರಗಳ ವೀಕ್ಷಣೆಗಳಿಂದ ಕಕ್ಷೆಯನ್ನು ಗಣಿಸಿದ್ದರಿಂದ ಅದು ಆ ವರ್ಷದ ಕೊನೆಗೆ ಮತ್ತೆ ಸಿಕ್ಕಿತು. ಏಷ್ಯಾವನ್ನು ನಾವು ಇಂದಿಗೂ ಹುಡುಕಿ ನೋಡಬಲ್ಲೆವಾದರೆ, ಅದನ್ನು ಮತ್ತೆ ಮತ್ತೆ ಅಳೆದವರಿದ್ದರು ಎಂಬುದೇ ಅದಕ್ಕೆ ಕಾರಣ.

ಪೊಗ್ಸನ್ನರಿಗೆ ಇದರ ಇನ್ನೊಂದು ಮುಖವೂ ಎದುರಾಯಿತು. ಬೀಲಾ ಎಂಬ ಧೂಮಕೇತು 1846ರಲ್ಲಿ ಎರಡಾಗಿ ಒಡೆದು, 1852ರಲ್ಲಿ ಕೊನೆಯ ಬಾರಿ ಕಂಡು, ಅನಂತರ ಕಣ್ಮರೆಯಾಗಿತ್ತು. 1872ರ ನವೆಂಬರ್ 27ರಂದು ಅದರ ದಾರಿಯನ್ನು ಭೂಮಿ ಹಾಯುವಾಗ ಉಲ್ಕೆಗಳ ಸುರಿಮಳೆಯೇ ಆಯಿತು. ಜರ್ಮನಿಯ ಕ್ಲಿಂಕರ್‌ಫ್ಯೂಸ್ ಎಂಬ ವಿದ್ವಾಂಸರು ಕೂಡಲೇ ಮದ್ರಾಸಿಗೆ ತಂತಿ ಕಳುಹಿಸಿ, ದಕ್ಷಿಣ ಆಕಾಶದ ಕಿನ್ನರ ರಾಶಿಯ ಕಡೆ ಹುಡುಕುವಂತೆ ಕೇಳಿಕೊಂಡರು. ಪೊಗ್ಸನ್ನರು ಡಿಸೆಂಬರ್ ಮೊದಲ ವಾರದಲ್ಲಿ ಎರಡು ಬೆಳಗಿನ ಜಾವ ಅಲ್ಲಿ ಒಂದು ಧೂಮಕೇತುವನ್ನು ಕಂಡು ಸ್ಥಾನ ಗುರುತಿಸಿದರು. ಮೂರನೆಯ ವೀಕ್ಷಣೆ ದೊರೆಯುವ ಮೊದಲೇ ಮೋಡ ಕವಿಯಿತು. ಮೋಡ ಸರಿಯುವ ಹೊತ್ತಿಗೆ ಧೂಮಕೇತು ಇರಲಿಲ್ಲ. ಅದು ಬೀಲಾವೋ, ಬೇರೊಂದೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಎರಡು ವೀಕ್ಷಣೆಗಳಿಂದ ಕಕ್ಷೆ ಕಟ್ಟಲಾಗದು. ಏಷ್ಯಾಕ್ಕೆ ಸಂಖ್ಯೆಯೂ ಹೆಸರೂ ಉಳಿದವು. ಆ ಧೂಮಕೇತುವಿಗೆ ಪೊಗ್ಸನ್ನರ ಟಿಪ್ಪಣಿಯೊಂದೇ ಉಳಿಯಿತು.

ಮದ್ರಾಸಿನ ಒಡನಾಡಿಗಳು

ಪೊಗ್ಸನ್ನರ ಕಥೆಯನ್ನು ಅವರೊಬ್ಬರ ಕಥೆಯಾಗಿ ಹೇಳುವುದು ನ್ಯಾಯವಲ್ಲ. ವೇಧಶಾಲೆಯ ಸಿಬ್ಬಂದಿ ಅಲ್ಪ, ಕೆಲಸ ಅಪಾರ. 1869ರಲ್ಲಿ ಪತ್ನಿ ತೀರಿಕೊಂಡ ಮೇಲೆ ಮಕ್ಕಳ ಹೊರೆಯೂ ಹೆಗಲಿಗೆ ಬಿದ್ದಿತು. ಹಿರಿಯ ಮಗಳು ಎಲಿಜಬೆತ್ ಐಸಿಸ್ ಪೊಗ್ಸನ್ 1873ರಿಂದ ವೇಧಶಾಲೆಯ ಸಹಾಯಕಿಯಾಗಿ ದುಡಿದರು, ಮುಂದೆ ಮದ್ರಾಸು ಸರಕಾರದ ಹವಾಮಾನ ವರದಿಗಳ ಹೊಣೆ ಹೊತ್ತರು. 1886ರಲ್ಲಿ ತಂದೆ ಅವರ ಹೆಸರನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಸೂಚಿಸಿದಾಗ, ಸಂಘದ ನಿಯಮಾವಳಿ ಪುರುಷರನ್ನಷ್ಟೇ ಒಪ್ಪುತ್ತದೆಂಬ ಕಾರಣದಿಂದ ಪ್ರಯತ್ನ ಬಿದ್ದುಹೋಯಿತು. ಅವರು ಸದಸ್ಯೆಯಾದದ್ದು 1920ರಲ್ಲಿ. ಅದನ್ನು ನೋಡಲು ತಂದೆ ಇರಲಿಲ್ಲ.

ಇನ್ನೊಬ್ಬರು ಚಿಂತಾಮಣಿ ರಘುನಾಥಾಚಾರಿ. ಪೊಗ್ಸನ್ನರು ಬರುವ ಮೊದಲೇ ವೇಧಶಾಲೆಯಲ್ಲಿದ್ದು, ಮೊದಲ ಸಹಾಯಕರ ಸ್ಥಾನಕ್ಕೇರಿದ ವಿದ್ವಾಂಸರು. 1867ರಲ್ಲಿ ದಕ್ಷಿಣ ಆಕಾಶದ ನಕ್ಷತ್ರವೊಂದರ ಬೆಳಕು ಏರಿಳಿಯುವುದನ್ನು ಅವರು ಕಂಡುಹಿಡಿದರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರಗಳ ಮೇಲೆ ಹಾದು, ನಿಜಾಮ್ ಸೀಮೆಯ ವನಪರ್ತಿಯನ್ನು ದಾಟಿ ಮಚಲಿಪಟ್ಟಣದ ಕಡಲಿಗೆ ಸರಿಯಿತು. ಪೊಗ್ಸನ್ನರು ಮಚಲಿಪಟ್ಟಣದಲ್ಲಿದ್ದರೆ ರಘುನಾಥಾಚಾರಿಯವರು ವನಪರ್ತಿಯಲ್ಲಿದ್ದರು. 1872ರಲ್ಲಿ ಅವರು ಲಂಡನ್ನಿನ ಅದೇ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಆಕಾಶದಲ್ಲಿ ಕಾಣುವುದಕ್ಕೆ ಪಂಚಾಂಗ ಹೊಂದಬೇಕು ಎಂದು ದೃಗ್ಗಣಿತವನ್ನು ಎತ್ತಿಹಿಡಿದವರೂ ಅವರೇ.

ಆರಂಭದಲ್ಲಿ ಹೇಳಿದ ನಂಟು ಇಲ್ಲಿದೆ. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಗಲಿದ್ದಾಗ, ಜನ ಅದನ್ನು ಕಂಡು ಹೆದರದೆ ಅರಿತು ನೋಡಲಿ ಎಂಬ ಉದ್ದೇಶದಿಂದ ರಘುನಾಥಾಚಾರಿಯವರು ಒಂದು ಪುಸ್ತಿಕೆ ಬರೆದರು. ಅದು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಈ ದೇಶದ ಭಾಷೆಗಳಲ್ಲಿಯೂ ಹೊರಬಂದಿತು. ಅವುಗಳಲ್ಲಿ ಕನ್ನಡವೂ ಒಂದು. ನಮ್ಮ ನುಡಿಯಲ್ಲಿ ಆಧುನಿಕ ಖಗೋಳ ವಿಜ್ಞಾನ ಇತ್ತೀಚಿನ ಅತಿಥಿಯೆಂದು ತಿಳಿದವರಿಗೆ ಈ ಸಂಗತಿ ಗೊತ್ತಿರಬೇಕು. ಪೊಗ್ಸನ್ನರ ವೇಧಶಾಲೆಯಲ್ಲಿ ಕುಳಿತು ದುಡಿಯುತ್ತಿದ್ದವರೊಬ್ಬರು ಒಂದೂವರೆ ಶತಮಾನದ ಹಿಂದೆಯೇ ಕನ್ನಡ ಓದುಗನನ್ನು ಆಕಾಶದ ಕಡೆ ಕರೆದಿದ್ದರು. ರಘುನಾಥಾಚಾರಿಯವರು 1880ರಲ್ಲಿ ತೀರಿಕೊಂಡರು.

ಉಳಿದ ಕಡತಗಳು

ಪೊಗ್ಸನ್ನರ ಬಾಳಿನ ಕೊರತೆ ಯಾವುದೆಂದು ಕೇಳಿದರೆ, ನೋಡಿದ್ದು ಹೆಚ್ಚು, ಅಚ್ಚಾದದ್ದು ಕಡಿಮೆ ಎನ್ನಬೇಕಾಗುತ್ತದೆ. 1862ರಿಂದ 1887ರವರೆಗೆ ಮದ್ರಾಸಿನಲ್ಲಿ ನಕ್ಷತ್ರಗಳ ಸ್ಥಾನಗಳನ್ನು ಅಳೆದ ಸಾವಿರಾರು ದಾಖಲೆಗಳು ವರ್ಷಗಟ್ಟಲೆ ಕಡತಗಳಲ್ಲಿಯೇ ಉಳಿದವು. ಪ್ರಕಟಣೆ ಆರಂಭವಾಗುವಷ್ಟರಲ್ಲಿ ಅವರ ಆಯುಷ್ಯ ಮುಗಿಯುತ್ತ ಬಂದಿತ್ತು. ಮೂವತ್ತು ವರ್ಷಗಳ ಸೇವೆಯ ಬಳಿಕ 1891ರ ಜೂನ್ ತಿಂಗಳಲ್ಲಿ ಮದ್ರಾಸಿನಲ್ಲಿಯೇ ಅವರು ಕಣ್ಮುಚ್ಚಿದರು. ಉತ್ತರಾಧಿಕಾರಿ ಮಿಚಿ ಸ್ಮಿತ್ ಅವರು ಆ ಕಡತಗಳನ್ನು ಕೈಗೆತ್ತಿಕೊಂಡು ಸಂಪುಟಗಳಾಗಿ ಅಚ್ಚು ಮಾಡಿಸಿದ್ದರಿಂದ ಆ ದುಡಿಮೆ ಧೂಮಕೇತುವಿನ ಹಾದಿ ಹಿಡಿಯಲಿಲ್ಲ.

1899ರಲ್ಲಿ ಖಗೋಳ ವೀಕ್ಷಣೆಯ ಮುಖ್ಯ ಕೆಲಸ ಕೊಡೈಕಾನಲ್ ಬೆಟ್ಟಕ್ಕೆ ಸಾಗಿತು. ಆ ಪರಂಪರೆಯೇ ಬೆಳೆದು ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿದೆ. ಮದ್ರಾಸು ವೇಧಶಾಲೆಯ ಹಳೆಯ ಕಡತಗಳಿಗೂ ಅಲ್ಲಿಯೇ ಆಸರೆ. ವೆರಾದ ನಂತರ ಭಾರತದ ನೆಲದಿಂದ ಮತ್ತೊಂದು ಕ್ಷುದ್ರಗ್ರಹ ದೊರೆಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. 1988ರಲ್ಲಿ ಅದೇ ಸಂಸ್ಥೆಯ ರಾಜಮೋಹನ್ ಅವರು ಕಾವಲೂರಿನ ವೇಧಶಾಲೆಯಿಂದ ಕಂಡ ಆ ಕಾಯಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರನ್ನಿಡಲಾಯಿತು.

1956ರಲ್ಲಿ ಹೈದರಾಬಾದ್ ಸಂಸ್ಥಾನ ಒಡೆದು ಹಂಚಿಹೋದಾಗ ಬೀದರ್ ಒಂದು ಕಡೆಗೂ ನಾವು ಇನ್ನೊಂದು ಕಡೆಗೂ ಸೇರಿದೆವು. ಅಂದಿನಿಂದ ನಮ್ಮ ಸೀಮೆಯ ಕನ್ನಡವನ್ನು ಎಣಿಕೆಗೆ ತೆಗೆದುಕೊಳ್ಳಿರೆಂದು ಕೇಳುತ್ತಲೇ ಬಂದಿದ್ದೇವೆ. ಎಣಿಕೆಗೆ ಸಿಗುವುದೆಂದರೇನು ಎಂಬುದನ್ನು ಪೊಗ್ಸನ್ನರ ಎರಡು ಕಾಯಗಳು ನಮಗೆ ತೋರಿಸುತ್ತವೆ: ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಂಡು ಬರೆದಿಡಬೇಕು, ಬರೆದದ್ದು ಅಚ್ಚಾಗಬೇಕು. ಗಡಿಭಾಗದಲ್ಲಿ ಕನ್ನಡ ಪಾಠ ಹೇಳುವ ಮಾಸ್ತರರಲ್ಲಿ ನಮ್ಮದೊಂದು ವಿನಂತಿಯಿದೆ. ಕೆಪ್ಲರನ ನಿಯಮದ ಪಾಠ ಬಂದಾಗ ಹಲಗೆಯ ಮೇಲೆ 2.42 ಎಂದು ಬರೆದು, ಅದು ಮದ್ರಾಸಿನಿಂದ ಕಂಡ ಏಷ್ಯಾದ ದೂರವೆಂದು ಮಕ್ಕಳಿಗೆ ಹೇಳಿರಿ, ಅದರ ವರ್ಷವನ್ನು ಅವರೇ ಲೆಕ್ಕ ಹಾಕಿ ಕಂಡುಕೊಳ್ಳಲಿ. ಆ ಲೆಕ್ಕ ಕನ್ನಡದಲ್ಲಿಯೇ ನಡೆಯಲಿ.